ಆರಡಿ ದೂರದ ಹ್ಯಾಲೋವೀನ್

ಬಾಗಿಲು ಬಡಿದು ಮಿಠಾಯಿ ಕೇಳುವುದೇ ಹಬ್ಬವಾಗಿರುವ ನಾಡಿನಲ್ಲಿ ಬಾಗಿಲು ಬಡಿಯಬಾರದೆಂಬ ವರ್ಷ ಬಂತು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಕುಟುಂಬಗಳು ಹಬ್ಬವನ್ನು ಹೊಸ್ತಿಲಿನಿಂದ ಅಂಗಳಕ್ಕೆ, ಪೇಟೆಯಿಂದ ಪಕ್ಕದ ಹೊಲಕ್ಕೆ ತಂದುಕೊಂಡವು.

ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಒಬ್ಬ ತಂದೆ ಪಾರ್ಸೆಲ್ ಕಳಿಸಲು ಬಳಸುವ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಹುಡುಕಿ ತಂದ. ಕೊಳವೆಯ ಉದ್ದ ಆರಡಿ. ಮಗಳನ್ನು ಜೊತೆಗೆ ಕೂರಿಸಿಕೊಂಡು ಅದಕ್ಕೆ ಕಿತ್ತಳೆ ಬಣ್ಣ ಹೊಡೆದ, ಮೇಲೆ ಕಪ್ಪು ಟೇಪು ಸುತ್ತಿದ, ಮನೆಯ ಮೆಟ್ಟಿಲ ಕಂಬಿಗೆ ಓರೆಯಾಗಿ ನಿಲ್ಲಿಸಿದ. ಮೇಲಿನ ತುದಿಯಲ್ಲಿ ದೊಡ್ಡವರು ಚಾಕೊಲೇಟ್ ಹಾಕಿದರೆ ಅದು ಜಾರಿಕೊಂಡು ಹೋಗಿ ಕೆಳಗೆ ನಿಂತ ಮಗುವಿನ ಚೀಲಕ್ಕೆ ಬೀಳುತ್ತದೆ. ಕೈಗೆ ಕೈ ತಗಲುವುದಿಲ್ಲ, ಮುಖಕ್ಕೆ ಮುಖ ಹತ್ತಿರವಾಗುವುದಿಲ್ಲ.

ಫೇಸ್‌ಬುಕ್ಕಿಗೆ ಹಾಕಿದ ಚಿತ್ರ ದೇಶವಿಡೀ ಓಡಾಡಿತು. ಪ್ಲಂಬಿಂಗ್ ಅಂಗಡಿಯ ಪ್ಲಾಸ್ಟಿಕ್ ಪೈಪುಗಳಿಗೆ ಇದ್ದಕ್ಕಿದ್ದಂತೆ ಹೊಸ ಉಪಯೋಗ ಸಿಕ್ಕಿತು. ಕೆಲವರು ಪೈಪಿಗೆ ದೀಪದ ಸರ ಸುತ್ತಿದರು, ಕೆಲವರು ತುದಿಗೆ ದೆವ್ವದ ಬಾಯಿ ಅಂಟಿಸಿದರು. ಆ ವರ್ಷದ ಹ್ಯಾಲೋವೀನಿಗೆ ಎದುರಾಗಿದ್ದ ಪ್ರಶ್ನೆ ಇಷ್ಟೇ: ಮುಟ್ಟದೆ ಕೊಡುವುದು ಹೇಗೆ?

ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ವೇಷ ತೊಟ್ಟ ಮಕ್ಕಳು ನೆರೆಹೊರೆಯ ಬಾಗಿಲುಗಳನ್ನು ತಟ್ಟಿ ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗುತ್ತಾರೆ. ಏನಾದರೂ ಕೊಡಿ, ಇಲ್ಲವಾದರೆ ತಂಟೆ ಮಾಡುತ್ತೇವೆ ಎಂಬ ತಮಾಷೆಯ ಬೆದರಿಕೆ ಅದು. ಜಗುಲಿಯ ದೀಪ ಉರಿಯುತ್ತಿದ್ದರೆ ಬರಬಹುದು, ಆರಿದ್ದರೆ ಮುಂದಿನ ಮನೆಗೆ ಹೋಗಬೇಕು. ಬೀದಿಯ ಈ ಒಪ್ಪಂದವನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಉಳಿದ ದಿನ ಕಾರಿನಿಂದ ನೇರ ಗ್ಯಾರೇಜಿಗೆ, ಗ್ಯಾರೇಜಿನಿಂದ ಮನೆಯೊಳಕ್ಕೆ ನಡೆದುಬಿಡುವ ಜನ ಪರಿಚಯವಿಲ್ಲದ ಮಕ್ಕಳಿಗೂ ಬಾಗಿಲು ತೆರೆಯುವ ಸಂಜೆ ಇದು.

2020ರಲ್ಲಿ ಆ ಬಾಗಿಲೇ ಅಪಾಯದ ಜಾಗವಾಯಿತು. ಹಬ್ಬದ ಹಿಂದಿನ ದಿನ ಅಮೆರಿಕದಲ್ಲಿ ಕೋವಿಡ್ ಸೋಂಕಿತರ ಒಟ್ಟು ಸಂಖ್ಯೆ 90 ಲಕ್ಷ ದಾಟಿತು. ಸತ್ತವರು 2 ಲಕ್ಷ 25 ಸಾವಿರಕ್ಕೂ ಹೆಚ್ಚು. ಲಸಿಕೆ ಇನ್ನೂ ಬಂದಿರಲಿಲ್ಲ.

ಹಸಿರು, ಹಳದಿ, ಕೆಂಪು

ಸಿಡಿಸಿ ಎಂದೇ ಹೆಸರಾದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೆಪ್ಟೆಂಬರಿನಲ್ಲಿ ಹಬ್ಬದ ಆಚರಣೆಗಳನ್ನು ಮೂರು ಗುಂಪು ಮಾಡಿತು. ಮನೆಮಂದಿ ಸೇರಿ ಕುಂಬಳಕಾಯಿ ಕೊರೆಯುವುದು, ಮನೆಯೊಳಗೇ ಅಡಗಿಸಿಟ್ಟ ಮಿಠಾಯಿ ಹುಡುಕುವುದು, ಕಂಪ್ಯೂಟರ್ ಪರದೆಯ ಮುಂದೆ ವೇಷದ ಸ್ಪರ್ಧೆ ನಡೆಸುವುದು ಕಡಿಮೆ ಅಪಾಯದವು. ಬಯಲಿನಲ್ಲಿ ಅಂತರ ಬಿಟ್ಟು ಮೆರವಣಿಗೆ ಹೋಗುವುದು, ಸ್ಯಾನಿಟೈಸರ್ ಹಚ್ಚಿಕೊಂಡು ಹೊಲದಲ್ಲಿ ಕುಂಬಳಕಾಯಿ ಆರಿಸುವುದು, ಅಂಗಳದ ಅಂಚಿನಲ್ಲಿ ಒಂದೊಂದೇ ಪೊಟ್ಟಣ ಸಾಲಾಗಿಟ್ಟು ಮಕ್ಕಳು ತಾವೇ ಎತ್ತಿಕೊಂಡು ಹೋಗುವಂತೆ ಮಾಡುವುದು ಮಧ್ಯಮ. ಮನೆಮನೆ ತಿರುಗುವ ಹಳೆಯ ಪದ್ಧತಿ, ಕಾರುಗಳ ಡಿಕ್ಕಿ ತೆರೆದಿಟ್ಟು ಮಿಠಾಯಿ ಹಂಚುವ ಕೂಟ, ಮುಚ್ಚಿದ ಕಟ್ಟಡದೊಳಗಿನ ಭೂತಬಂಗಲೆ ಇವೆಲ್ಲ ಹೆಚ್ಚು ಅಪಾಯದ ಪಟ್ಟಿಗೆ ಸೇರಿದವು.

ಆ ಪಟ್ಟಿಯ ಒಂದು ಸಾಲನ್ನು ತಾಯಂದಿರು ಬೇಗ ನೆನಪಿಟ್ಟುಕೊಂಡರು. ವೇಷದ ಮುಖವಾಡ ಮಾಸ್ಕ್ ಆಗುವುದಿಲ್ಲ. ಉಸಿರಾಟಕ್ಕೆ ಕಷ್ಟವಾಗುವುದರಿಂದ ಎರಡನ್ನೂ ಒಂದರ ಮೇಲೊಂದು ಹಾಕಿಕೊಳ್ಳುವಂತೆಯೂ ಇಲ್ಲ. ಹಾಗಾಗಿ ಮಾಸ್ಕನ್ನೇ ವೇಷದ ಭಾಗ ಮಾಡಿಕೊಳ್ಳುವುದು ಉಳಿದ ದಾರಿ. ಆ ವರ್ಷ ಡಾಕ್ಟರು, ನಿಂಜಾ, ದರೋಡೆಕೋರರು ಹೆಚ್ಚಾದದ್ದರಲ್ಲಿ ಆಶ್ಚರ್ಯವಿಲ್ಲ. ದೇಶಕ್ಕೆ ದಿನವೂ ಸೋಂಕಿನ ಬಗ್ಗೆ ತಿಳಿಹೇಳುತ್ತಿದ್ದ ಡಾ. ಆಂಥನಿ ಫೌಚಿ ಅವರ ವೇಷವನ್ನೂ ಜನ ತೊಟ್ಟರು. ಬಿಳಿ ಕೋಟು, ಕನ್ನಡಕ, ಮಾಸ್ಕ್ ಇದ್ದರೆ ಕೆಲಸ ಮುಗಿಯಿತು.

ಆಡಳಿತಗಳಿಗೆ ಮಾತ್ರ ಸುಲಭದ ದಾರಿ ಇರಲಿಲ್ಲ. ಲಾಸ್ ಏಂಜಲೀಸ್ ಕೌಂಟಿ ಸೆಪ್ಟೆಂಬರಿನಲ್ಲಿ ಮನೆಮನೆ ತಿರುಗುವುದನ್ನು ನಿಷೇಧಿಸಿತು. ಮರುದಿನವೇ ಮಾತು ಬದಲಿಸಿ, ನಿಷೇಧವಿಲ್ಲ, ಆದರೆ ಮಾಡದಿರುವುದು ಒಳ್ಳೆಯದು ಎಂದಿತು. ಚಾಕೊಲೇಟ್ ತಯಾರಿಸುವ ಹರ್ಷಿ ಕಂಪನಿ ಹಬ್ಬದ ವ್ಯಾಪಾರಿಗಳ ಸಂಘಟನೆಯ ಜೊತೆ ಸೇರಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಸೋಂಕಿನ ಅಂಕಿಅಂಶ ಆಧರಿಸಿ, ಒಂದೊಂದು ಕೌಂಟಿಗೂ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣ ತುಂಬಿದ ನಕ್ಷೆಯನ್ನೇ ಹೊರತಂದಿತು. ತಮ್ಮೂರಿನ ಬಣ್ಣ ನೋಡಿಕೊಂಡು ಕುಟುಂಬ ತೀರ್ಮಾನಿಸಬೇಕು. ಹಬ್ಬ ಕೈತಪ್ಪಿದರೆ ಮಿಠಾಯಿ ಉದ್ಯಮಕ್ಕೆ ಆಗುವ ನಷ್ಟದ ಲೆಕ್ಕವೂ ಆ ನಕ್ಷೆಯ ಹಿಂದೆ ಇತ್ತೆನ್ನಲು ಜಾಣತನ ಬೇಕಿಲ್ಲ.

ಹಿಂದೆಯೂ ಬದಲಾದ ಹಬ್ಬ

ಬಾಗಿಲಿಗೆ ಬಂದು ಮಿಠಾಯಿ ಕೇಳುವುದು ಅನಾದಿ ಕಾಲದಿಂದ ಬಂದದ್ದೆಂದು ಅನೇಕ ಅಮೆರಿಕನ್ನರು ನಂಬಿದ್ದಾರೆ. ನಿಜಕ್ಕೂ ಅದು ನೂರು ವರ್ಷದ ಈಚಿನದು. ಐರ್ಲೆಂಡ್, ಸ್ಕಾಟ್ಲೆಂಡಿನಿಂದ ವಲಸೆ ಬಂದವರು ಸುಗ್ಗಿಯ ಕೊನೆಯ, ಸತ್ತವರನ್ನು ನೆನೆಯುವ ರಾತ್ರಿಯ ನಂಬಿಕೆಗಳನ್ನು ಜೊತೆಗೆ ತಂದರು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಇಲ್ಲಿ ಅದಕ್ಕಿಂತ ದೊಡ್ಡದೂ ಮೆತ್ತನೆಯದೂ ಆದ ಕುಂಬಳಕಾಯಿ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರಾತ್ರಿಯೆಂದರೆ ಪೋಲಿ ಹುಡುಗರ ಹಾವಳಿ. ಗಾಡಿ ಬಿಚ್ಚಿಡುವುದು, ಕಿಟಕಿಗೆ ಸೋಪು ಬಳಿಯುವುದು, ದನಗಳನ್ನು ಬೀದಿಗೆ ಬಿಡುವುದು.

ಮಿನೆಸೋಟ ರಾಜ್ಯದ ಅನೋಕಾ ಪಟ್ಟಣ ಈ ಹಾವಳಿಗೆ 1920ರಲ್ಲಿ ಒಂದು ಉಪಾಯ ಹುಡುಕಿತು. ಹುಡುಗರನ್ನು ಬೈಯುವ ಬದಲು ಅವರಿಗೇ ಮೆರವಣಿಗೆ ಏರ್ಪಡಿಸಿ, ತಿಂಡಿ ಕೊಟ್ಟು ರಾತ್ರಿಯಿಡೀ ಕೆಲಸ ಹಚ್ಚಿತು. ಪಟ್ಟಣ ಈಗಲೂ ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಆ ಮೊದಲ ಮೆರವಣಿಗೆಗೆ ನೂರು ವರ್ಷ ತುಂಬಿದ್ದು ಸರಿಯಾಗಿ ಕೋವಿಡ್ ವರ್ಷದಲ್ಲೇ. 1930ರ ದಶಕದಲ್ಲಿ ಮನೆಮನೆ ತಿರುಗುವುದು ಹರಡಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಅದು ನಿಂತುಹೋಯಿತು. 1947ರಲ್ಲಿ ಸಕ್ಕರೆಯ ನಿರ್ಬಂಧ ಹೋಯಿತು, ಹೊಸ ಬಡಾವಣೆಗಳು ಎದ್ದವು, 1950ರ ದಶಕದ ಹೊತ್ತಿಗೆ ಅದು ಮಕ್ಕಳ ದೊಡ್ಡ ಹಬ್ಬವಾಯಿತು.

ಸಾಂಕ್ರಾಮಿಕದ ನಡುವೆ ಬಂದ ಹ್ಯಾಲೋವೀನ್ ಕೂಡ ಇದು ಮೊದಲನೆಯದಲ್ಲ. 1918ರ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜ ದೇಶವನ್ನು ಅರೆಯುತ್ತಿದ್ದಾಗ ಬಾಲ್ಟಿಮೋರ್, ಡೆನ್ವರ್ ಮುಂತಾದ ನಗರಗಳು ಹ್ಯಾಲೋವೀನ್ ಪಾರ್ಟಿಗಳನ್ನು ತಡೆದವು. ಆಗ ತಡೆಯಬೇಕಾಗಿದ್ದುದು ಮನೆಯೊಳಗಿನ ಕೂಟ ಮತ್ತು ಬೀದಿಯ ಗದ್ದಲ. 2020ರಲ್ಲಿ ಕಳವಳ ಹುಟ್ಟಿಸಿದ ಹೊಸ್ತಿಲ ಭೇಟಿ 1918ರ ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಅಂಗಳದಲ್ಲಿ ಹುಟ್ಟಿದ ಉಪಾಯಗಳು

ಸಿನ್ಸಿನಾಟಿಯ ಕೊಳವೆಯ ಹಿಂದೆಯೇ ಬೇರೆ ಉಪಾಯಗಳೂ ಬಂದವು. ಹುಲ್ಲುಹಾಸಿನಲ್ಲಿ ಕಡ್ಡಿಗಳನ್ನು ನೆಟ್ಟು ಒಂದೊಂದಕ್ಕೂ ಚಾಕೊಲೇಟ್ ಅಂಟಿಸಿದರೆ ಮಿಠಾಯಿಯ ತೋಟ ಸಿದ್ಧ. ಎರಡು ಮರಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಪೊಟ್ಟಣ ತೂಗುಹಾಕಿದರೆ ಮಕ್ಕಳು ತಾವೇ ಕಿತ್ತುಕೊಳ್ಳಬಹುದು. ಕೆಲವು ಬೀದಿಗಳಲ್ಲಿ ಲೆಕ್ಕ ತಿರುಗುಮುರುಗಾಯಿತು. ಮಕ್ಕಳು ವೇಷ ತೊಟ್ಟು ತಮ್ಮ ತಮ್ಮ ಅಂಗಳದಲ್ಲೇ ನಿಂತರು, ದೊಡ್ಡವರು ಕಾರಿನಲ್ಲಿ ನಿಧಾನವಾಗಿ ಸಾಗುತ್ತ ಕಿಟಕಿಯಿಂದ ಮಿಠಾಯಿ ಎಸೆದರು.

ಹಳೆಯ ಒಂದು ಆಟಕ್ಕೂ ಜೀವ ಬಂತು. ಕತ್ತಲಾದ ಮೇಲೆ ನೆರೆಮನೆಯ ಬಾಗಿಲಲ್ಲಿ ಸಿಹಿತಿಂಡಿ, ಪುಟ್ಟ ಆಟಿಕೆ ತುಂಬಿದ ಚೀಲ ಇಟ್ಟು, ಗಂಟೆ ಒತ್ತಿ ಓಡಿಹೋಗುವುದು. ಚೀಲದಲ್ಲಿ ಒಂದು ಚೀಟಿ: ನಿಮಗೆ ದೆವ್ವದ ಕಾಟ ತಗುಲಿದೆ, ಇನ್ನೆರಡು ಮನೆಗೆ ನೀವೂ ಹೀಗೆಯೇ ಮಾಡಿ. ಚೀಲ ಸಿಕ್ಕವರು ದೆವ್ವದ ಚಿತ್ರವನ್ನು ಬಾಗಿಲಿಗೆ ಅಂಟಿಸುತ್ತಾರೆ. ಅದನ್ನು ನೋಡಿದವರು ಬೇರೆ ಮನೆ ಹುಡುಕುತ್ತಾರೆ. ಯಾರನ್ನೂ ಎದುರುಗೊಳ್ಳದೆ ಆಡಬಹುದಾದ ಈ ಆಟವನ್ನು ಕೋವಿಡ್ ಕಾಲಕ್ಕೆಂದೇ ಯಾರೋ ಕಟ್ಟಿಕೊಟ್ಟಂತಿತ್ತು.

ಮನೆಯೊಳಗೆ ಕುಂಬಳಕಾಯಿ ಕೊರೆಯುವ ಸಂಜೆ ದೀರ್ಘವಾಯಿತು. ಅದಕ್ಕೂ ಒಂದು ಹದವಿದೆ. ತೊಟ್ಟಿನ ಸುತ್ತ ಚಾಕುವನ್ನು ಓರೆಯಾಗಿ ಹಿಡಿದು ಮುಚ್ಚಳ ಕೊಯ್ಯಬೇಕು, ನೆಟ್ಟಗೆ ಕೊಯ್ದರೆ ಮುಚ್ಚಳ ಒಳಕ್ಕೆ ಬೀಳುತ್ತದೆ. ತಿರುಳನ್ನು ಕೆರೆದು ತೆಗೆಯುವುದು ಚಿಕ್ಕವರ ಪಾಲು, ಕಣ್ಣು ಬಾಯಿ ಕೊರೆಯುವುದು ದೊಡ್ಡವರ ಪಾಲು. ಬೀಜ ತೊಳೆದು, ಉಪ್ಪು ಎಣ್ಣೆ ಸವರಿ ಒಲೆಯಲ್ಲಿ ಹುರಿದರೆ ಆ ಸಂಜೆಯ ತಿಂಡಿ. ಕೊರೆದ ಕಾಯಿ ಹೆಚ್ಚು ದಿನ ನಿಲ್ಲುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಅಂಚಿಗೆ ವ್ಯಾಸಲೀನ್ ಸವರಿದರೆ ಒಣಗುವುದು ಸ್ವಲ್ಪ ನಿಧಾನ. ಹೀಗೆ ಕೊರೆಯಲೆಂದೇ ಬೆಳೆಸುವ ತಳಿಗಳಲ್ಲಿ ಹೆಸರುವಾಸಿಯಾದದ್ದು ‘ಹೌಡನ್’. ಮಸಾಚುಸೆಟ್ಸ್‌ನ ಜಾನ್ ಹೌಡನ್ ಎಂಬ ರೈತ 1960ರ ದಶಕದಲ್ಲಿ ಆರಿಸಿ ಬೆಳೆಸಿದ ತಳಿ ಅದು. ಗಟ್ಟಿ ತೊಟ್ಟು, ಕಡು ಕಿತ್ತಳೆ ಸಿಪ್ಪೆ. ರುಚಿಗೆ ಸಪ್ಪೆ.

ಖರ್ಚು ಕೂಡ ಮನೆಯ ಕಡೆಗೇ ಹರಿಯಿತು. ರಾಷ್ಟ್ರೀಯ ಚಿಲ್ಲರೆ ವ್ಯಾಪಾರ ಒಕ್ಕೂಟದ ಅಂದಾಜಿನಂತೆ 2019ರಲ್ಲಿ 878 ಕೋಟಿ ಡಾಲರ್ ಇದ್ದ ಹ್ಯಾಲೋವೀನ್ ವೆಚ್ಚ 2020ರಲ್ಲಿ 805 ಕೋಟಿಗೆ ಇಳಿಯಿತು. ಹಬ್ಬ ಆಚರಿಸುವವರೇ ಕಡಿಮೆಯಾಗಿದ್ದರು. ಆಚರಿಸಿದವರು ಮಾತ್ರ ತಲೆಗೆ ಸರಾಸರಿ 92 ಡಾಲರ್ ಖರ್ಚಿಗೆ ಸಿದ್ಧರಿದ್ದರು, ಅದು ಹಿಂದಿನ ವರ್ಷಕ್ಕಿಂತ ಜಾಸ್ತಿ. ಹೋಮ್ ಡಿಪೋ ಮಳಿಗೆಗಳು ಆ ಬೇಸಿಗೆಯಲ್ಲಿ 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು 299 ಡಾಲರಿಗೆ ಮಾರಾಟಕ್ಕಿಟ್ಟವು. ಹಬ್ಬದ ತಿಂಗಳು ಬರುವ ಮೊದಲೇ ಅದು ಖಾಲಿ. ಒಳಗೆ ಯಾರನ್ನೂ ಕರೆಯಲಾಗದ ಜನ ರಸ್ತೆಯಿಂದಲೇ ಕಾಣುವಂಥದ್ದನ್ನು ಅಂಗಳದಲ್ಲಿ ನಿಲ್ಲಿಸಿದರು.

ಒಂದು ಸಂಗತಿಯಲ್ಲಿ ಮಾತ್ರ ಮನೆಗಳಿಗೆ ನಿರಾಸೆಯಾಯಿತು. ಚಾರ್ಲಿ ಬ್ರೌನ್ ಮತ್ತು ಅವನ ಗೆಳೆಯರ ಕುಂಬಳಕಾಯಿ ಕಥೆಯ ಕಾರ್ಟೂನು 1966ರಿಂದ ಪ್ರತಿ ಹ್ಯಾಲೋವೀನಿಗೂ ಸಾಮಾನ್ಯ ಟಿವಿ ವಾಹಿನಿಯಲ್ಲಿ ಬರುತ್ತಿತ್ತು. ಎಲ್ಲರೂ ಮನೆಯಲ್ಲೇ ಇದ್ದ ಆ ವರ್ಷವೇ ಅದು ಆ್ಯಪಲ್ ಕಂಪನಿಯ ಚಂದಾ ವಾಹಿನಿಗೆ ಹೋಯಿತು. ಕಂಪನಿ ಅಕ್ಟೋಬರ್ 30ರಿಂದ ನವೆಂಬರ್ 1ರವರೆಗೆ ಅದನ್ನು ಬಿಟ್ಟಿಯಾಗಿ ತೋರಿಸಿತು.

ಪಕ್ಕದ ಹೊಲಕ್ಕೊಂದು ಪ್ರಯಾಣ

ಡಿಸ್ನಿ ವರ್ಲ್ಡ್ ತನ್ನ ಹ್ಯಾಲೋವೀನ್ ಪಾರ್ಟಿ ರದ್ದು ಮಾಡಿತು. ಯೂನಿವರ್ಸಲ್ ಸ್ಟುಡಿಯೋ ತನ್ನ ಭಯಾನಕ ರಾತ್ರಿಗಳನ್ನು ಕೈಬಿಟ್ಟಿತು. ಗೊಂಬೆ ಕಲಾವಿದ ರಾಲ್ಫ್ ಲೀ 1970ರ ದಶಕದಲ್ಲಿ ಆರಂಭಿಸಿದ ನ್ಯೂಯಾರ್ಕಿನ ವಿಲೇಜ್ ಹ್ಯಾಲೋವೀನ್ ಮೆರವಣಿಗೆ ಬೀದಿಗೆ ಇಳಿಯಲಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅದನ್ನು ನಿಲ್ಲಿಸಿತ್ತು, ಈಗ ವೈರಾಣು. ದೂರದ ಪ್ರಯಾಣವೆಲ್ಲ ಮುಚ್ಚಿದ ಮೇಲೆ ಕುಟುಂಬಗಳಿಗೆ ಉಳಿದದ್ದು ಅರ್ಧ ಗಂಟೆಯ ದೂರದ ಹೊಲ, ಸೇಬಿನ ತೋಟ, ಕಾಡಿನ ಕಾಲುದಾರಿ.

ಕುಂಬಳದ ಬೀಜ ಬಿತ್ತುವುದು ಮೇ ಕೊನೆಯಿಂದ ಜೂನ್ ನಡುವೆ. ಕಾಯಿ ಬಲಿಯಲು ಮೂರರಿಂದ ನಾಲ್ಕು ತಿಂಗಳು ಬೇಕು. ಹಾಗಾಗಿ ರೈತರು ಆ ವರ್ಷ ಲಾಕ್‌ಡೌನಿನ ನಡುವೆಯೇ ಅಕ್ಟೋಬರಿನ ಗಿರಾಕಿಗಳಿಗಾಗಿ ಬಿತ್ತಬೇಕಾಯಿತು. ಜನ ಬಂದರು. ಎಷ್ಟೋ ತೋಟಗಳು ಮೊದಲೇ ಆನ್‌ಲೈನಿನಲ್ಲಿ ಸಮಯ ಗೊತ್ತುಮಾಡಿಕೊಂಡು ಬರುವಂತೆ ಹೇಳಿದವು. ಹುಲ್ಲು ತುಂಬಿದ ಟ್ರ್ಯಾಕ್ಟರ್ ಗಾಡಿಯಲ್ಲಿ ಒಂದು ಕುಟುಂಬಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟರು. ಜೋಳದ ಹೊಲದೊಳಗೆ ದಾರಿ ಕತ್ತರಿಸಿ ಮಾಡುವ ಚಕ್ರವ್ಯೂಹಗಳಲ್ಲಿ ಒಂದೇ ದಿಕ್ಕಿನ ನಡಿಗೆಗೆ ಬಾಣದ ಗುರುತು ಹಾಕಿದವರೂ ಉಂಟು. ದಾರಿ ತಪ್ಪಿಸಿಕೊಳ್ಳುವುದೇ ಮಜಾ ಎನ್ನುವ ಮಕ್ಕಳು ಅದಕ್ಕೆ ಗೊಣಗಿದ್ದರೆ ಅದು ನ್ಯಾಯವೇ.

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಸಮುದ್ರದಂಚಿನ ಹಾಫ್ ಮೂನ್ ಬೇ ಎಂಬ ಪುಟ್ಟ ಊರಿನ ಕುಂಬಳಕಾಯಿ ಜಾತ್ರೆಗೆ ಪ್ರತಿ ಅಕ್ಟೋಬರಿನಲ್ಲಿ ಜನಸಾಗರವೇ ನೆರೆಯುತ್ತದೆ. 2020ರಲ್ಲಿ ಜಾತ್ರೆ ನಡೆಯಲಿಲ್ಲ. ದೈತ್ಯ ಕುಂಬಳಕಾಯಿಗಳ ತೂಕದ ಸ್ಪರ್ಧೆಯನ್ನು ಮಾತ್ರ ಪ್ರೇಕ್ಷಕರಿಲ್ಲದೆ ನಡೆಸಿ ಅಂತರ್ಜಾಲದಲ್ಲಿ ತೋರಿಸಿದರು. ಗೆದ್ದವರು ಟ್ರಾವಿಸ್ ಗೀಂಗರ್, ತೋಟಗಾರಿಕೆಯ ಶಿಕ್ಷಕ. ಊರು, ಮೇಲೆ ಹೇಳಿದ ಅದೇ ಅನೋಕಾ. ಹಗಲಿರುಳು ಗಾಡಿ ಓಡಿಸಿಕೊಂಡು ಅವರು ತಂದ ಕಾಯಿ 2,350 ಪೌಂಡ್, ಅಂದರೆ 1,066 ಕಿಲೋ ತೂಗಿತು. ಪೌಂಡಿಗೆ 7 ಡಾಲರ್ ಲೆಕ್ಕದಲ್ಲಿ ಬಹುಮಾನ 16,450 ಡಾಲರ್.

ಕಾರಿನೊಳಗೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳಿಗೂ ಮರುಜನ್ಮ ಸಿಕ್ಕಿತು. 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ಶುರುವಾಗಿ, ಟಿವಿ ಮತ್ತು ಮಾಲ್‌ಗಳ ಕಾಲದಲ್ಲಿ ಸೊರಗಿದ್ದ ಪದ್ಧತಿ ಅದು. ವಾಲ್‌ಮಾರ್ಟ್ 160 ಮಳಿಗೆಗಳ ಪಾರ್ಕಿಂಗ್ ಜಾಗಗಳನ್ನು ಆಗಸ್ಟಿನಿಂದ ಅಕ್ಟೋಬರಿನವರೆಗೆ ಬಯಲು ಚಿತ್ರಮಂದಿರ ಮಾಡಿತು. ಭೂತಬಂಗಲೆಗಳೂ ಕಾರಿನ ದಾರಿ ಹಿಡಿದವು. ಕಾರು ನಿಲ್ಲಿಸಿ ಕೂತವರ ಕಿಟಕಿಗೆ ರಕ್ತ ಬಳಿದುಕೊಂಡ ಪ್ರೇತ ಬಂದು ಬಡಿಯುತ್ತದೆ. ಗಾಜು ಮಾತ್ರ ಇಳಿಸುವಂತಿಲ್ಲ.

ಇದಕ್ಕೆ ವಿರುದ್ಧದ ಕಥೆ ಮಸಾಚುಸೆಟ್ಸ್‌ನ ಸೇಲಂನದು. 1692ರಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ವಿಚಾರಣೆ ನಡೆಸಿ 19 ಜನರನ್ನು ಗಲ್ಲಿಗೇರಿಸಿದ ಊರು ಇವತ್ತು ಅದೇ ಹೆಸರಿನಲ್ಲಿ ಪ್ರವಾಸಿಗರನ್ನು ಸೆಳೆಯುತ್ತದೆ. ಸಾಮಾನ್ಯ ಅಕ್ಟೋಬರಿನಲ್ಲಿ ಅಲ್ಲಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. 2020ರಲ್ಲಿ ಮೇಯರ್ ಕಿಮ್ ಡ್ರಿಸ್ಕಾಲ್ ಅವರೇ ದಯವಿಟ್ಟು ಈ ವರ್ಷ ಬರಬೇಡಿ ಎಂದು ಕೇಳಿಕೊಂಡರು. ಹಬ್ಬದ ವಾರಾಂತ್ಯದಲ್ಲಿ ರೈಲುಗಳು ಸೇಲಂನಲ್ಲಿ ನಿಲ್ಲದೆ ಮುಂದೆ ಹೋಗುವ ಏರ್ಪಾಟೂ ಆಯಿತು. ಪ್ರವಾಸಿಗರಿಂದಲೇ ಬದುಕುವ ಊರು ಪ್ರವಾಸಿಗರನ್ನು ಬೇಡವೆನ್ನಬೇಕಾಗಿ ಬಂದಿತ್ತು.

ಗೊಂಬೆ, ಕುಂಬಳ, ರಾಜ್ಯೋತ್ಸವ

ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಆ ಅಕ್ಟೋಬರ್ ಇನ್ನೂ ಕಿಕ್ಕಿರಿದಿತ್ತು. ಅಧಿಕ ಆಶ್ವಯುಜ ಮಾಸ ಬಂದದ್ದರಿಂದ ನವರಾತ್ರಿ ತಡವಾಗಿ, ಅಕ್ಟೋಬರ್ 17ರಂದು ಆರಂಭವಾಯಿತು. ಗೊಂಬೆಯ ಮೆಟ್ಟಿಲು ಬಿಚ್ಚಿ ಐದಾರು ದಿನವಾಗುವಷ್ಟರಲ್ಲಿ ಹ್ಯಾಲೋವೀನ್. ಅದರ ಮರುದಿನ ಭಾನುವಾರ, ನವೆಂಬರ್ 1, ಕನ್ನಡ ರಾಜ್ಯೋತ್ಸವ. ಗೊಂಬೆ ನೋಡಲು ಮನೆಗೆ ಬರುವವರಿಲ್ಲದೆ ಫೋನಿನ ಕ್ಯಾಮೆರಾ ಮೆಟ್ಟಿಲು ಮೆಟ್ಟಿಲು ಹತ್ತಿ ಇಳಿಯಿತು. ಅರಿಶಿನ ಕುಂಕುಮದ ಬುಟ್ಟಿ, ಚರುಪು ಪಕ್ಕದ ಮನೆಯ ಬಾಗಿಲಲ್ಲಿ ಇಟ್ಟು ಬರುವ ವಸ್ತುಗಳಾದವು. ಅದೇ ವಾರ ಅದೇ ಬೀದಿಯ ಬೇರೆ ಮನೆಗಳವರು ಮಿಠಾಯಿ ಚೀಲವನ್ನೂ ಹಾಗೆಯೇ ಇಟ್ಟು ಬರುತ್ತಿದ್ದರು.

ಮೈಸೂರಿನಲ್ಲಿ ಆ ವರ್ಷದ ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. 300 ಜನರಿಗಷ್ಟೇ ಅವಕಾಶ. ಅಂಬಾರಿಯನ್ನು ಮೊದಲ ಬಾರಿಗೆ ಹೊತ್ತ ಆನೆ ಅಭಿಮನ್ಯುವನ್ನು ಜನ ಟಿವಿಯಲ್ಲಿ ನೋಡಿದರು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರನ್ನು ಬಲ್ಲ ಮಲೆನಾಡಿಗರಿಗೆ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಅಮೆರಿಕದ ಬೀದಿಯ ಕಟ್ಟಳೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಕಾಶ ಕೂಡ ಎರಡೂ ಕಡೆಯವರಿಗೆ ಒಂದೇ ದಿನ ಕೊಟ್ಟಿತ್ತು. ಅಕ್ಟೋಬರ್ 1ರಂದು ಒಂದು ಹುಣ್ಣಿಮೆ, 31ರಂದು ಇನ್ನೊಂದು. ಅಮೆರಿಕದ ಎಲ್ಲ ಕಾಲವಲಯಗಳಲ್ಲೂ ಹ್ಯಾಲೋವೀನ್ ದಿನವೇ ಹುಣ್ಣಿಮೆ ಬಿದ್ದದ್ದು 1944ರ ಬಳಿಕ ಅದೇ ಮೊದಲು. ಕರ್ನಾಟಕಕ್ಕೆ ಅದು ಶೀಗಿ ಹುಣ್ಣಿಮೆ. ಮಲೆನಾಡಿನವರು ಭೂಮಿ ಹುಣ್ಣಿಮೆ ಎನ್ನುತ್ತಾರೆ, ಬಸಿರಾದ ಭೂಮಿಗೆ ಬಯಕೆಯ ಅಡುಗೆ ಮಾಡಿ, ಚಿತ್ತಾರದ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಒಯ್ಯುತ್ತಾರೆ.

ಮಿಠಾಯಿ ತೊಳೆಯಬೇಕೆ?

ಕೊನೆಯ ಗಳಿಗೆಯವರೆಗೂ ಉಳಿದಿದ್ದ ಚಿಂತೆ ಮಿಠಾಯಿಯ ಹೊದಿಕೆಯದು. ವೈರಾಣು ಕಾಗದದ ಮೇಲೆ ಕೂತು ಮನೆಗೆ ಬಂದರೆ? ಸ್ಯಾನ್ ಡಿಯೇಗೋದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿಯೇ ನೋಡಿದರು. ಆಗತಾನೇ ಸೋಂಕು ಪತ್ತೆಯಾಗಿದ್ದ 10 ಜನರ ಕೈಗೆ ಹ್ಯಾಲೋವೀನ್ ಮಿಠಾಯಿ ಕೊಟ್ಟು ಮುಟ್ಟಿಸಿದರು. ಒಮ್ಮೆ ಕೈ ತೊಳೆಯದೆ, ಒಮ್ಮೆ ಬೇಕೆಂದೇ ಕೆಮ್ಮುತ್ತ ಮತ್ತೆ ಮತ್ತೆ ಮುಟ್ಟಿ, ಒಮ್ಮೆ ಕೈ ತೊಳೆದು. ಕೈ ತೊಳೆದು ಮುಟ್ಟಿದ ಹೊದಿಕೆಗಳಲ್ಲಿ ವೈರಾಣುವಿನ ಕುರುಹು ತುಂಬ ಕಡಿಮೆಯಾಗಿತ್ತು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹೊದಿಕೆ ಅದ್ದಿದರೆ ಇನ್ನೂ ಇಳಿಯುತ್ತಿತ್ತು. ಹಬ್ಬದ ಹೊತ್ತಿಗೇ ಪ್ರಕಟವಾದ ಆ ವರದಿಯ ಸಾರ ಅಡುಗೆಮನೆಯ ಮಾತಿನಷ್ಟೇ ಸರಳ: ಕೊಡುವವರೂ ಕೈ ತೊಳೆಯಿರಿ, ತಿನ್ನುವವರೂ ಕೈ ತೊಳೆಯಿರಿ.

ಹಬ್ಬ ಶನಿವಾರ ಬಂದಿತ್ತು. ಅದೇ ರಾತ್ರಿ ಎರಡಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಬೇರೆ ವರ್ಷವಾಗಿದ್ದರೆ ಮಕ್ಕಳು ಮಲಗಲು ತಡಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ.

ಮರುವರ್ಷ ಸಿಡಿಸಿಯ ನಿರ್ದೇಶಕಿ ರೊಶೆಲ್ ವಲೆನ್‌ಸ್ಕಿ, ಹೊರಗಡೆ, ಚಿಕ್ಕ ಗುಂಪುಗಳಲ್ಲಿ ಮಕ್ಕಳು ಹೋಗಬಹುದು ಎಂದರು. ಖರ್ಚು ಒಮ್ಮೆಲೇ 1,014 ಕೋಟಿ ಡಾಲರಿಗೆ ಏರಿತು. 5ರಿಂದ 11 ವರ್ಷದ ಮಕ್ಕಳ ಲಸಿಕೆಗೆ ತುರ್ತು ಅನುಮತಿ ಸಿಕ್ಕಿದ್ದು 2021ರ ಅಕ್ಟೋಬರ್ 29ರಂದು, ಹಬ್ಬಕ್ಕೆ ಎರಡು ದಿನ ಮುಂಚೆ. ಹಾಗಾಗಿ ಆ ವರ್ಷವೂ ಚಿಕ್ಕ ಮಕ್ಕಳು ಲಸಿಕೆ ಇಲ್ಲದೆಯೇ ಬೀದಿಗಿಳಿದರು. ಬಹಳಷ್ಟು ಮನೆಗಳಲ್ಲಿ ಮಿಠಾಯಿಯ ಮೇಜು ಜಗುಲಿಗೆ ಹಿಂತಿರುಗದೆ ಅಂಗಳದ ಅಂಚಿನಲ್ಲೇ ಉಳಿಯಿತು. ಪಕ್ಕಕ್ಕೆ ಎರಡು ಮಡಚುವ ಕುರ್ಚಿ, ಚಳಿ ಇದ್ದರೆ ಒಂದು ಅಗ್ಗಿಷ್ಟಿಕೆ. ಗಂಟೆ ಬಾರಿಸಿದಾಗಲೆಲ್ಲ ಎದ್ದು ಬಾಗಿಲಿಗೆ ಓಡುವ ಕೆಲಸ ತಪ್ಪಿತು, ಎದುರುಮನೆಯವರ ಜೊತೆ ಎರಡು ಗಂಟೆ ಹರಟಲು ಪುರುಸೊತ್ತು ಸಿಕ್ಕಿತು.